ಎಲೆಯ ತುದಿಗೆ ಇನ್ನೊಂದು ಎಲೆ

ಕಳೆದ ವರ್ಷ ನವೆಂಬರ್ 2ರಂದು ಮೃತರ ಸ್ಮರಣೆಯ ಬಲಿಪೂಜೆ ಮುಗಿಸಿ ಸಮಾಧಿಗಳಿಗೆ ತೀರ್ಥ ಚಿಮುಕಿಸುತ್ತಿದ್ದೆವು. ಹೊಸ ಕಾಂಕ್ರೀಟು ಗೋಡೆಯ ಬಳಿ ನಿಂತಿದ್ದ ಅಜ್ಜಿಯೊಬ್ಬರು, "ಫಾದರ್, ಇಲ್ಲಿದ್ದ ಕ್ರೋಟನ್ ಎಲ್ಲಿ? ಎಲೆಯ ತುದಿಗೆ ಇನ್ನೊಂದು ಎಲೆ ನೇತಾಡುತ್ತಿತ್ತಲ್ಲ?" ಎಂದು ಕೇಳಿದರು. ಐದನೇ ವಯಸ್ಸಿನಲ್ಲಿ ತೀರಿಕೊಂಡ ಮಗನ ತಲೆಯ ಕಡೆ ಅವರೇ ನೆಟ್ಟ ಗಿಡವಂತೆ. ಗೋಡೆಗಾಗಿ ಹಳೆಯ ಬೇಲಿಯನ್ನು ಜೆಸಿಬಿಯಿಂದ ಕೀಳಿಸಿದವರು ನಾವೇ. ಯಾರನ್ನೂ ಕೇಳಿರಲಿಲ್ಲ. "ಹುಡುಕಿ ತರುತ್ತೇವೆ" ಎಂದುಬಿಟ್ಟೆವು.

ಹುಡುಕುವುದು ಅಷ್ಟು ಸುಲಭವಾಗಿರಲಿಲ್ಲ. ನರ್ಸರಿಗಳಲ್ಲಿ ಸಿಕ್ಕಿದ್ದು ಅಗಲ ಎಲೆಯ 'ಪೆಟ್ರಾ', ಹಳದಿ ಚುಕ್ಕೆಯ 'ಗೋಲ್ಡ್ ಡಸ್ಟ್' ಮಾತ್ರ. ಹಳೆಯ ತಳಿಗಳು ಹಳೆಯ ಅಂಗಳಗಳಲ್ಲೇ ಉಳಿದಿರುತ್ತವೆ ಎಂದು ಒಬ್ಬ ಮಾಲಿ ಹೇಳಿದರು. ಹಾಗಾಗಿ ಜೂನ್‌ನ ಮೊದಲ ಮಳೆ ಬಿದ್ದ ವಾರ ಗುರಿಕಾರರು, ಇಬ್ಬರು ಪೀಠಬಾಲಕರು ಮತ್ತು ನಾವು ಕುಂಬಳೆಯಿಂದ ಬದಿಯಡ್ಕದ ದಾರಿ ಹಿಡಿದೆವು.

ಸೀತಾಂಗೋಳಿಯ ಮುರಕಲ್ಲಿನ ಬಯಲು ದಾಟಿದರೆ ಬೇಳ. 1890ರಲ್ಲಿ ಸ್ಥಾಪನೆಯಾದ ವ್ಯಾಕುಲ ಮಾತೆಯ ಇಗರ್ಜಿ ಅಲ್ಲಿದೆ. ಮಗನನ್ನು ಕಳೆದುಕೊಂಡ ಆ ತಾಯಿಯ ಮುಂದೆ ಅಜ್ಜಿಯನ್ನು ನೆನೆದು ಮೊಣಕಾಲೂರಿದೆವು.

ದಾರಿಯುದ್ದಕ್ಕೂ ಬೇಲಿಗಳನ್ನು ನೋಡುತ್ತಾ ಒಂದು ಪಾಠ ಕಲಿತೆವು: ಕ್ರೋಟನ್‌ನ ಬಣ್ಣವನ್ನು ನಂಬಬಾರದು. ಚಿಗುರಿನಲ್ಲಿ ಹಸಿರು, ಹಳದಿ ಇದ್ದ ಎಲೆ ಬಲಿತಾಗ ಕೆಂಪಾಗಬಹುದು. ಬಿಸಿಲಲ್ಲಿ ಉರಿಯುವ ಗಿಡ ನೆರಳಲ್ಲಿ ಬರೇ ಹಸಿರಾಗುತ್ತದೆ. ಗುರುತಿಸಬೇಕಾದದ್ದು ಆಕಾರವನ್ನು. ಕೆಲವು ಹುಲ್ಲಿನಂತೆ ಸಪೂರ, ಕೆಲವು ಮೂರು ಹಾಲೆಗಳವು, ಕೆಲವು ತಿರುಪಿನಂತೆ ಸುರುಳಿ. ನಮಗೆ ಬೇಕಾದುದರಲ್ಲಿ ಎಲೆ ನಡುವೆಯೇ ಮುಗಿದು, ನರ ಮಾತ್ರ ದಾರದಂತೆ ಮುಂದುವರಿದು, ತುದಿಯಲ್ಲಿ ಇನ್ನೊಂದು ಪುಟ್ಟ ಎಲೆ ತೂಗುತ್ತದೆ.

ಈ ಗಿಡದ ಮೂಲ ಇಂಡೋನೇಷ್ಯಾ, ಮಲೇಷ್ಯಾದಿಂದ ಶಾಂತಸಾಗರದ ದ್ವೀಪಗಳವರೆಗಿನ ನಾಡು. 17ನೇ ಶತಮಾನದಲ್ಲಿ ಅಂಬೋನ್ ದ್ವೀಪದಲ್ಲಿದ್ದ ರುಂಫಿಯಸ್ ಇದನ್ನು ಬಣ್ಣಿಸಿದರು. 1670ರಲ್ಲಿ ಕಣ್ಣು ಕಳೆದುಕೊಂಡರೂ ಅವರು ಗಿಡಗಳ ಗ್ರಂಥವನ್ನು ಬಿಡಲಿಲ್ಲ. ಅದು ಅಚ್ಚಾಗತೊಡಗಿದ್ದು ಅವರ ಮರಣಾನಂತರ, 1741ರಲ್ಲಿ. ಸಸ್ಯಶಾಸ್ತ್ರದ ಪ್ರಕಾರ ನಿಜವಾದ ಕ್ರೋಟನ್ ಎಂದರೆ ಜಾಪಾಳದ ಕುಲ. ನಮ್ಮ ಅಂಗಳದ್ದು ಕೊಡಿಯಮ್. ಫಿಲಿಪ್ಪೀನ್ಸಿನವರು ಇದನ್ನು 'ಸ್ಯಾನ್ ಫ್ರಾನ್ಸಿಸ್ಕೊ', ಅಂದರೆ ಸಂತ ಫ್ರಾನ್ಸಿಸ್ ಎಂದೇ ಕರೆಯುತ್ತಾರೆ!

ನೀರ್ಚಾಲು ದಾಟಿ ಒಳದಾರಿಯಲ್ಲಿ, ಅಡಿಕೆ ತೋಟದ ಮನೆಯೊಂದರ ಬಾವಿಯ ಹಿಂದೆ ಪೀಠಬಾಲಕನೊಬ್ಬ ಕೂಗಿದ: "ಫಾದರ್, ನೇತಾಡ್ತಾ ಉಂಟು!" ಮನೆಯ ಯಜಮಾನರು ನಕ್ಕರು. "ನಮ್ಮ ಅಮ್ಮ ಯಾವುದೋ ಇಗರ್ಜಿಯ ಹಬ್ಬಕ್ಕೆ ಹೋದಾಗ ಒಂದು ಗೆಲ್ಲು ತಂದದ್ದು. ಯಾವ ಇಗರ್ಜಿಯೋ, ಈಗ ಹೇಳಲು ಅವರಿಲ್ಲ."

ಬೀಜದಿಂದ ಹುಟ್ಟಿದ ಕ್ರೋಟನ್ ತಾಯಿಯಂತಿರುವುದಿಲ್ಲ. ಗೆಲ್ಲಿನಿಂದ ಬೆಳೆದದ್ದು ಮರಿಯಲ್ಲ, ಅದೇ ಗಿಡ. ಯಾರೋ ಕೊಟ್ಟ ಒಂದು ಗೆಲ್ಲಿನಿಂದ ನಾವು ಕೀಳಿಸಿದ ಗಿಡವೇ ಇಲ್ಲಿ ಬದುಕಿದೆಯೇ? ಎದೆ ಹೊಡೆದುಕೊಂಡಿತು. ಯಜಮಾನರು ಹಣ ಮುಟ್ಟಲಿಲ್ಲ, ಕಾಫಿ ಕೊಟ್ಟು ಐದು ಗೂಟಿ ಕಟ್ಟಲು ಬಿಟ್ಟರು. ತೊಗಟೆ ಸುತ್ತ ಸುಲಿದು, ಒದ್ದೆ ತೆಂಗಿನ ನಾರಿಟ್ಟು, ಪ್ಲಾಸ್ಟಿಕ್ ಸುತ್ತಿದೆವು. ಹಾಲು ತಾಗಿ ಗುರಿಕಾರರ ಕೈ ತುರಿಸಿತು. ಒಂದೂವರೆ ತಿಂಗಳಲ್ಲಿ ಮೂರು ಬೇರು ಬಿಟ್ಟವು.

ಅಜ್ಜಿ ಎಲೆಯನ್ನು ಬೆರಳಲ್ಲಿ ಹಿಡಿದು ನೋಡಿದರು. "ಎಲೆ ಅದೇ. ಬಣ್ಣ ಅಲ್ಲ. ನನ್ನದು ಕೆಂಪು." ತೋಟದ ನೆರಳಲ್ಲಿದ್ದದ್ದು, ಬಿಸಿಲು ಬೀಳಲಿ ಎಂದೆವು. "ಹಾಗಾದರೆ ನೋಡುವ" ಎಂದು ಮಣ್ಣು ಒತ್ತಿದರು.

ಲೂಕನ ಶುಭಸಂದೇಶದ 13ನೇ ಅಧ್ಯಾಯದ ತೋಟಗಾರ ಅಂಜೂರದ ಮರಕ್ಕೆ ಇನ್ನೊಂದು ವರ್ಷದ ಅವಕಾಶ ಕೇಳಿದ. ನಾವು ಒಂದು ದಿನವನ್ನೂ ಕೊಟ್ಟಿರಲಿಲ್ಲ. ಪ್ರಿಯ ಕುಟುಂಬದವರೇ, ಹಳೆಯ ಬೇಲಿ ತೆಗೆಯುವ ಮೊದಲು ಮನೆಯ ಹಿರಿಯರನ್ನು ಕೇಳಿರಿ, ನೆರೆಯವರಿಗೊಂದು ಗೆಲ್ಲು ಕೊಡಿರಿ.

ಪ್ರತಿ ಭಾನುವಾರ ಪೂಜೆಯ ನಂತರ ಅಜ್ಜಿ ಆ ಎಲೆಗಳನ್ನು ತಿರುಗಿಸಿ ನೋಡುತ್ತಾರೆ. ಮೊನ್ನೆ ಕೆಳಗಿನ ಎರಡು ಎಲೆಗಳ ನರ ಕೆಂಪಾಗಿತ್ತು. ಉಳಿದೆರಡು ಗಿಡಗಳು ಗುರುಮನೆಯ ಜಗಲಿಯಲ್ಲಿವೆ. ಬೇಕಾದವರು ಬನ್ನಿ.