ಸುಖಾನ ಕಲ್ಲು

ಇಂಗ್ಲೆಂಡಿನ ದಕ್ಷಿಣದಲ್ಲಿ, ಹ್ಯಾಂಪ್‌ಶೈರ್‌ನ ನ್ಯೂ ಫಾರೆಸ್ಟ್ ಕಾಡಿನ ನಡುವೆ ಬ್ರಾಕನ್‌ಹರ್ಸ್ಟ್ ಅಂತ ಒಂದು ಊರು. ಅಲ್ಲಿನ ಸೇಂಟ್ ನಿಕೊಲಸ್ ಚರ್ಚಿನ ಅಂಗಳದಲ್ಲಿ ಸಾವಿರ ವರ್ಷಕ್ಕೂ ಹಳೆಯದು ಎನ್ನುವ ಒಂದು ಯೂ ಮರವಿದೆ. ಕಾಡಿನ ಗುಡಿಸಲಲ್ಲಿದ್ದು ಹಾವು ಹಿಡಿದು ಬದುಕಿದ ಬ್ರಷರ್ ಮಿಲ್ಸ್ ಎಂಬಾತನ ಸಮಾಧಿಯೂ ಅಲ್ಲೇ. 1905ರಲ್ಲಿ ಅವನು ತೀರಿಕೊಂಡಾಗ ಊರವರೇ ದುಡ್ಡು ಹಾಕಿ ಕಲ್ಲು ನಿಲ್ಲಿಸಿದರು. ಅದೇ ಅಂಗಳದಲ್ಲಿ ಮೊದಲ ಮಹಾಯುದ್ಧದ ಸಮಾಧಿಗಳ ಸಾಲು, 93 ನ್ಯೂಜಿಲೆಂಡಿನವರದ್ದು. 1916ರಿಂದ ಅಲ್ಲಿ ಅವರ ಸೇನಾ ಆಸ್ಪತ್ರೆ ಇತ್ತು. ಅದಕ್ಕೂ ಮೊದಲು ಫ್ರಾನ್ಸಿನ ರಣರಂಗದಿಂದ ಗಾಯಗೊಂಡು ಬಂದ ನಮ್ಮವರಿಗಾಗಿ ನಡೆಸಿದ ಲೇಡಿ ಹಾರ್ಡಿಂಜ್ ಆಸ್ಪತ್ರೆ.

ನಾನು ಹೇಳಹೊರಟಿರುವುದು ಆ ಆಸ್ಪತ್ರೆಯ ಒಬ್ಬ ಜಾಡಮಾಲಿಯ ವಿಷಯ. ಹೆಸರು ಸುಖಾ. ಊರು ಬರೇಲಿ. ತೀರಿಕೊಂಡದ್ದು 1915ರ ಜನವರಿ 12ರಂದು, 30ನೇ ವಯಸ್ಸಿನಲ್ಲಿ. ಅವನಿಗೂ ಊರವರೇ ಕಲ್ಲು ಹಾಕಿಸಿದರು.

ಆ ಅಂಗಳಕ್ಕೆ ನಾನು ಹೋದವನಲ್ಲ, ನನ್ನ ಹತ್ತಿರ ಪಾಸ್‌ಪೋರ್ಟೇ ಇಲ್ಲ. ಕಲ್ಲಿನ ಫೋಟೋವನ್ನು ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದಿದ್ದು. ಸೈನಿಕರ ಕಲ್ಲುಗಳ ಹಾಗೆ ಹೆಸರು, ನಂಬರು, ತಾರೀಖು ಅಷ್ಟೇ ಅಲ್ಲ, ಉದ್ದಕ್ಕೆ ಬರೆದಿದ್ದಾರೆ. ಮೊಹಲ್ಲಾ ಗಂಗಾಪುರ ಅಂತ ಬೀದಿಯ ವಿಳಾಸ ಸಮೇತ ಇದೆ. ದೇಶ, ಮನೆ, ಸ್ನೇಹಿತರನ್ನು ಬಿಟ್ಟು ಬಂದು ಸಾಮಾನ್ಯ ಸೇವಕನಾಗಿ ದುಡಿದ ಅಂತಿದೆ. ಅವನು ಕ್ರೈಸ್ತನಲ್ಲ, ಆದರೂ ಬೇರೆಯವರಿಗಾಗಿ ಜೀವ ತೆತ್ತ ಅಂತಿದೆ. ಜಾಡಮಾಲಿ ಅನ್ನುವ ಪದ ಇಲ್ಲ. ಚರ್ಚಿನ ಅಂಗಳದೊಳಕ್ಕೆ ಯಾಕೆ ಬಂದ ಅನ್ನುವುದೂ ಇಲ್ಲ.

ಅದಕ್ಕೆ ಒಂದು ಕತೆ ಇದೆ, ನಿಮಗೂ ಯಾವುದೋ ವಾಟ್ಸಾಪ್ ಗ್ರೂಪಿನಲ್ಲಿ ಬಂದಿರಬಹುದು. ಅಸ್ಪೃಶ್ಯ ಅಂತ ಹಿಂದೂಗಳು ಸುಡಲು ಒಪ್ಪಲಿಲ್ಲ, ನಮ್ಮವನಲ್ಲ ಅಂತ ಮುಸ್ಲಿಮರು ಹೂಳಲು ಒಪ್ಪಲಿಲ್ಲ, ಇಂಗ್ಲೆಂಡಿಗಾಗಿ ಸತ್ತವನು ಅಂತ ಪಾದ್ರಿ ಜಾಗ ಕೊಟ್ಟರು. ಕತೆ ಚೆನ್ನಾಗಿದೆ. ಸ್ವಲ್ಪ ಜಾಸ್ತಿಯೇ ಚೆನ್ನಾಗಿದೆ. ಡಿಪ್ಲೊಮಾದಲ್ಲಿ ನಮಗೆ ಕಲಿಸಿದ ಒಂದು ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಇದನ್ನು ಹೇಳಿದವರು ಯಾರು?

ಇಂಗ್ಲೆಂಡಿನಲ್ಲಿದ್ದ ಭಾರತೀಯ ಆಸ್ಪತ್ರೆಗಳನ್ನೆಲ್ಲ ನೋಡಿಕೊಳ್ಳಲು ಕಿಚನರ್ ನೇಮಿಸಿದ್ದ ಅಧಿಕಾರಿ ಸರ್ ವಾಲ್ಟರ್ ಲಾರೆನ್ಸ್. ಸುಖಾ ತೀರಿಕೊಂಡ ಮರು ತಿಂಗಳು ಅವರು ಕಿಚನರ್‌ಗೆ ಬರೆದ ಪತ್ರದಲ್ಲಿ ಈ ವಿಷಯ ಬರುತ್ತದೆ. ಅದರ ಪ್ರಕಾರ ಸುಖಾನ ಪಂಗಡದವರಲ್ಲಿ ಸುಡುವ ಪದ್ಧತಿಯೇ ಇರಲಿಲ್ಲ. ವೋಕಿಂಗ್‌ನ ಮುಸ್ಲಿಂ ಖಬರಸ್ತಾನದಲ್ಲಿ ಕೇಳಿದರು, ಆಗುವುದಿಲ್ಲ ಅಂದರು. ಆಮೇಲೆ ಬ್ರಾಕನ್‌ಹರ್ಸ್ಟ್‌ನ ಪಾದ್ರಿಯನ್ನು ಕೇಳಿದರು, ಅವರು ಒಪ್ಪಿದರು. ಹಿಂದೂಗಳು ಸುಡಲು ನಿರಾಕರಿಸಿದ ದೃಶ್ಯ ಇಲ್ಲಿಲ್ಲ.

ಹಾಗಾದರೆ ಜಾತಿ ಇಲ್ಲಿ ಬರಲೇ ಇಲ್ಲ ಅಂತಲೇ? ಬಂತು, ಬೇರೆ ಬಾಗಿಲಿನಿಂದ. ಸರ್ಕಾರ ಹಿಂದೂ ಮತ್ತು ಸಿಖ್ಖರನ್ನು ಸುಡಲು ಬ್ರೈಟನ್ ಹತ್ತಿರದ ಗುಡ್ಡದಲ್ಲಿ ಜಾಗ ಮಾಡಿತ್ತು, ಈಗ ಅಲ್ಲಿ 'ಛತ್ರಿ' ಸ್ಮಾರಕವಿದೆ. ಮುಸ್ಲಿಮರಿಗೆ ವೋಕಿಂಗ್. ಇರುವುದು ಎರಡೇ ಖಾನೆ. ಹೂಳುವ ಪದ್ಧತಿಯ, ಆದರೆ ಮುಸ್ಲಿಮನಲ್ಲದ ಜಾಡಮಾಲಿಗೆ ಮೂರನೇ ಖಾನೆ ಯಾರಿಗೂ ಹೊಳೆಯಲಿಲ್ಲ. ನಮ್ಮ ಕಡೆಯ ಎಷ್ಟೋ ದಲಿತ ಕೇರಿಗಳಲ್ಲೂ ಹೂಳುವುದೇ ವಾಡಿಕೆ, ಹಾಗಾಗಿ ನನಗೆ ಇದು ವಿಚಿತ್ರ ಅನ್ನಿಸಲಿಲ್ಲ.

ಇನ್ನೊಂದು ಮಾತು. ಆ ಆಸ್ಪತ್ರೆಗಳಲ್ಲಿ ಜಾತಿ, ಮತ ಕೆಡದಂತೆ ಬಹಳ ಎಚ್ಚರ ವಹಿಸಿದ್ದರು. ಬ್ರೈಟನ್‌ನ ಅರಮನೆ ಆಸ್ಪತ್ರೆಯಲ್ಲಿ ಒಂಬತ್ತು ಅಡುಗೆಮನೆ, ಹಿಂದೂ ಮುಸ್ಲಿಮರಿಗೆ ಬೇರೆ ಬೇರೆ ನಲ್ಲಿ. ಇಷ್ಟೆಲ್ಲ ಅಚ್ಚುಕಟ್ಟಾಗಿ ನಡೆಯಬೇಕಾದರೆ ಕಕ್ಕಸು ತೊಳೆಯಲು ಅದೇ ಜಾತಿಯವರು ಬೇಕು, ಅವರನ್ನು ಹಡಗಿನಲ್ಲಿ ತರಬೇಕು. ಯಾವ ಕಾರಣಕ್ಕೆ ಸುಖಾನನ್ನು ಸಮುದ್ರ ದಾಟಿಸಿದರೋ ಅದೇ ಕಾರಣಕ್ಕೆ ಅವನ ಹೆಣಕ್ಕೆ ಜಾಗ ಇರಲಿಲ್ಲ. ಆ ಯುದ್ಧಕ್ಕೆ ಭಾರತದಿಂದ ಸೇರಿಸಿಕೊಂಡವರಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಬಂದೂಕು ಹಿಡಿಯದ ಕೆಲಸಕ್ಕೆ ಬಂದವರೇ: ಅಡುಗೆಯವರು, ನೀರು ಹೊರುವವರು, ಹೇಸರಗತ್ತೆ ನೋಡಿಕೊಳ್ಳುವವರು, ಕೂಲಿಗಳು. ಯುದ್ಧ ಸಮಾಧಿ ಆಯೋಗವೇ ಹಾಕಿಸಿದ್ದ ಸಮಿತಿ 2021ರಲ್ಲಿ ಒಪ್ಪಿಕೊಂಡ ಪ್ರಕಾರ, ಮುಖ್ಯವಾಗಿ ಆಫ್ರಿಕಾ ಮತ್ತು ಮಧ್ಯಪ್ರಾಚ್ಯದ ಕನಿಷ್ಠ 1,16,000 ಮಂದಿಯ ಹೆಸರು ಯಾವ ಕಲ್ಲಿನಲ್ಲೂ ಇಲ್ಲ, ಅಥವಾ ಅವರಿಗೆ ಸ್ಮಾರಕವೇ ಇಲ್ಲ. ಆ ಲೆಕ್ಕದಲ್ಲಿ ಸುಖಾ ಅದೃಷ್ಟವಂತ ಅನ್ನಬೇಕೇನೋ.

ನನಗೆ ಇದೆಲ್ಲ ಹತ್ತಿರದ ವಿಷಯ ಆಗಲು ಕಾರಣವಿದೆ. ನಾನು ಸುದ್ದಿ ಕೊಡುವ ತಾಲ್ಲೂಕಿನಲ್ಲಿ ವರ್ಷಕ್ಕೆ ಒಂದೆರಡಾದರೂ 'ಶವ ಇಟ್ಟು ಪ್ರತಿಭಟನೆ' ಇರುತ್ತದೆ. ಹಳ್ಳದ ದಂಡೆಯಲ್ಲಿ ಹೂಳುತ್ತಿದ್ದರು, ದಾರಿಗೆ ಜಮೀನಿನವರು ಬೇಲಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ತಹಶೀಲ್ದಾರರು ಬರುತ್ತಾರೆ, ಸರ್ವೆಯವರು ಚೈನು ಎಳೆಯುತ್ತಾರೆ, ಇವತ್ತೊಂದು ದಿನಕ್ಕೆ ಅಂತ ಬೇಲಿ ಸರಿಸುತ್ತಾರೆ. ಸ್ಮಶಾನವಿಲ್ಲದ ಊರುಗಳಿಗೆ ಆರು ತಿಂಗಳಲ್ಲಿ ಜಾಗ ಕೊಡಿ ಅಂತ ಹೈಕೋರ್ಟ್ ಹೇಳಿದ್ದು 2019ರಲ್ಲಿ. ಕಳೆದ ಮಳೆಗಾಲದಲ್ಲಿ ಹೀಗೇ ಕೂತಿದ್ದಾಗ ಸತ್ತ ಅಜ್ಜಿಯ ಮಗ ನನ್ನ ನೋಟ್‌ಬುಕ್ ನೋಡಿ, "ಅವ್ವನ ಹೆಸರು ಸರಿಯಾಗಿ ಬರ್ಕೊಂಡ್ರಾ ಸಾರ್?" ಅಂದ. ಹೆಸರು, ವಯಸ್ಸು, ಕೇರಿ ಎಲ್ಲ ಕಳಿಸಿದ್ದೆ. ಅಚ್ಚಾಗಿ ಬಂದದ್ದು 'ದಲಿತ ವೃದ್ಧೆಯ ಶವ', ಮತ್ತು ತಹಶೀಲ್ದಾರರ ಪೂರ್ತಿ ಹೆಸರು.

ಪಾದ್ರಿ ಮಾಡಿದ್ದು ಸಣ್ಣ ಕೆಲಸ ಅಂತ ನಾನು ಹೇಳುತ್ತಿಲ್ಲ. ಕೇಳಿದಾಗ ಹೂಂ ಅಂದರು, ಊರವರು ಚಂದಾ ಎತ್ತಿ ಕಲ್ಲು ಹಾಕಿಸಿದರು. ಅಷ್ಟು ಮಾಡುವವರು ನನ್ನ ತಾಲ್ಲೂಕಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಸುಖಾನ ಮೇಲೆ ಭಾನುವಾರದ ಪುರವಣಿಗೆ 500 ಪದ ಬರೆದು ಕಳಿಸಿದೆ, ಲಾರೆನ್ಸರ ಪತ್ರದ ವಿಷಯ ಸೇರಿಸಿ. ಹಾಕಿದರು. ಶೀರ್ಷಿಕೆ: 'ದಲಿತನಿಗೆ ಜಾಗ ಕೊಟ್ಟ ಪಾದ್ರಿ'. ಸುಖಾ ಎಂಬ ಹೆಸರು ಮೂರನೇ ಪ್ಯಾರಾದಲ್ಲಿದೆ. ಗಂಗಾಪುರವನ್ನು ಜಾಗ ಸಾಲದೆ ತೆಗೆದಿದ್ದಾರೆ.