ನೋಡುತ್ತ ನಿಂತವನು

ಸೈನ್ಯದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ರಜೆಯಲ್ಲಿ ಹಿರೀಸಾವೆಗೆ ಬಂದಿದ್ದಾಗ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು, “ಮೇಷ್ಟ್ರೇ, ತಾವು ಶೃಂಗೇರಿಯ ಲೂಟಿಯ ಕಥೆಯನ್ನು ಹೇಳುತ್ತಿದ್ದಿರಿ, ನಮ್ಮ ಕಡೆಯ ದಂಡಿನವರು ಮಾಡಿದುದನ್ನೇಕೆ ಹೇಳಲಿಲ್ಲ?” ಎಂದು ಕೇಳಿದನು. ನನಗೆ ಕೂಡಲೆ ಉತ್ತರವು ಹೊಳೆಯಲಿಲ್ಲ.

೧೭೯೧ರಲ್ಲಿ, ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ, ಪರಶುರಾಮಭಾವುವಿನ ಮರಾಠಾ ದಂಡಿನೊಡನೆ ಬಂದ ಸವಾರರು ಶೃಂಗೇರಿಯನ್ನು ಸೂರೆಗೊಂಡು ನಿರಾಯುಧರನ್ನು ಕೊಂದರು. ಶಾರದೆಯ ವಿಗ್ರಹವನ್ನೂ ಕದಲಿಸಿದರು. ಆ ಪೀಠಕ್ಕೆ ಕೈಮುಗಿಯುವವರ ದಂಡೇ ಅದು! ಜಗದ್ಗುರುಗಳ ಬಿನ್ನಹವನ್ನು ಕಂಡು ಟಿಪ್ಪು ಸುಲ್ತಾನನು ಪುನಃಪ್ರತಿಷ್ಠೆಗೆ ದ್ರವ್ಯವನ್ನು ಕೊಡಿಸಿದನು. ಆ ನಿರೂಪಗಳನ್ನು ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡು ಲೋಕಕ್ಕೆ ತಿಳಿಸಿದರು. ನಾನು ಪಾಠ ಮಾಡುತ್ತಿದ್ದುದು ಇಷ್ಟೇ. ಅದೇ ಸುಲ್ತಾನನ ದಂಡು ಕೊಡಗಿನ ಹೆಂಗಸರು ಮಕ್ಕಳನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದುದನ್ನು ಬಿಟ್ಟುಬಿಡುತ್ತಿದ್ದೆನು. ಎಳೆಯರ ಮನಸ್ಸು ಕೆಡಬಾರದೆಂಬುದು ನನಗೆ ನಾನೇ ಹೇಳಿಕೊಂಡ ನೆವ. ಒಳಗಿದ್ದುದು ಮೈಸೂರಿನ ಅಭಿಮಾನ.

ಕೈಮುಗಿದವನನ್ನೂ, ನಿದ್ರಿಸುವವನನ್ನೂ, ಯುದ್ಧ ಮಾಡದೆ ನೋಡುತ್ತ ನಿಂತವನನ್ನೂ ಹೊಡೆಯಕೂಡದೆಂಬ ಮನುಸ್ಮೃತಿಯ ವಿಧಿಯನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವನು ನಾನು. ಆ ಗ್ರಂಥದಲ್ಲಿ ಒಪ್ಪಲಾಗದ ಮಾತುಗಳು ಬಹಳ ಉಂಟು, ಇದು ಅಂತಹುದಲ್ಲ. ಸ್ವಪಕ್ಷದವರಿಗೆ ಅಲ್ಲಿ ವಿನಾಯಿತಿಯೂ ಇಲ್ಲ.

ಇದನ್ನು ಶಿಷ್ಯನಿಗೆ ಹೇಳಿದೆನು. “ಆಜ್ಞೆ ಬಂದರೆ?” ಎಂದನು.

“ಅಂತಹ ಆಜ್ಞೆಯನ್ನು ಮೀರುವುದೂ ದೇಶಸೇವೆಯೇ” ಎಂದೆನು. ಜಗುಲಿಯಲ್ಲಿ ಕುಳಿತು ಹೇಳುವುದು ಸುಲಭ. ದಂಡನೆ ಅವನಿಗೆ, ನನಗಲ್ಲ. ಅವನು ಏನನ್ನೂ ಹೇಳದೆ ನಮಸ್ಕರಿಸಿ ಹಾಸನದ ಬಸ್ಸಿಗೆ ಹೊರಟನು.