ಹಸಿರಿನ ಅಡಿಯ ಬಸಿಗಾಲುವೆ

ಹಸಿರು ಕಂಡಲ್ಲಿ ನಮ್ಮ ಕಣ್ಣು ನಿಲ್ಲುತ್ತದೆ. ಆ ಹಸಿರಿನ ಅಡಿಯಲ್ಲಿ ಏನು ನಡೆದಿದೆಯೆಂದು ಕೇಳುವವರು ವಿರಳ. ಬೆಳೆದು ನಿಂತ ಪೈರನ್ನು ಹೊಗಳುವಾಗ ಬೀಜವನ್ನು ನೆನೆಯುತ್ತೇವೆ, ಗೊಬ್ಬರವನ್ನು ನೆನೆಯುತ್ತೇವೆ, ಸಕಾಲಕ್ಕೆ ಬಂದ ಮಳೆಯನ್ನು ನೆನೆಯುತ್ತೇವೆ. ಹೆಚ್ಚಾದ ನೀರನ್ನು ಸದ್ದಿಲ್ಲದೆ ಹೊಲದಿಂದ ಆಚೆಗೆ ಕರೆದೊಯ್ದ ಬಸಿಗಾಲುವೆಯನ್ನು ಮಾತ್ರ ಯಾರೂ ನೆನೆಯುವುದಿಲ್ಲ. ನೀರನ್ನು ತರುವುದು ಎಷ್ಟು ದೊಡ್ಡ ವಿದ್ಯೆಯೋ ಅದನ್ನು ಮರ್ಯಾದೆಯಿಂದ ಬೀಳ್ಕೊಡುವುದೂ ಅಷ್ಟೇ ದೊಡ್ಡ ವಿದ್ಯೆ. ಈ ಮಾತನ್ನು ನಾನು ಹೊಲದಲ್ಲಿ ಅಲ್ಲ, ಬೆಂಗಳೂರಿನ ಪೂರ್ವಭಾಗದ ಒಂದು ಗಾಲ್ಫ್ ಮೈದಾನದಲ್ಲಿ ಕಂಡುಕೊಂಡೆನೆಂದರೆ ಓದುಗರಿಗೆ ವಿಚಿತ್ರವೆನಿಸಬಹುದು.

ನನ್ನ ಅಕ್ಕನ ಮಗ ಕೃಷಿ ಪದವೀಧರ. ಓದು ಮುಗಿದ ಮೇಲೆ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ಮತ್ತು ನೀರಿನ ಉಸ್ತುವಾರಿಗೆ ಸೇರಿಕೊಂಡ. ಮದುವೆಯ ವಯಸ್ಸಾಯಿತೆಂದು ಅಕ್ಕ ಹೆಣ್ಣು ನೋಡತೊಡಗಿದಳು. ಮೊದಲ ಸಂಬಂಧದವರು ಮನೆತನ ಒಪ್ಪಿದರು, ಹುಡುಗನನ್ನೂ ಒಪ್ಪಿದರು. ಕೆಲಸದ ಮಾತು ಬಂದಾಗ ಅವರ ಕಡೆಯ ಹಿರಿಯರೊಬ್ಬರು, "ಇಷ್ಟು ಓದಿ ಹುಲ್ಲು ಕೊಯ್ಯುವ ಕೆಲಸವೇ?" ಎಂದು ಕೇಳಿ ನಕ್ಕರು. ಆ ನಗೆ ಅಕ್ಕನ ಎದೆಯಲ್ಲಿ ಉಳಿಯಿತು. ಮಾರನೆಯ ದಿನವೇ ಹಲಸೂರಿನ ನಮ್ಮ ಮನೆಗೆ ಬಂದು, "ನೀನು ಸೋದರಮಾವ, ನಿನ್ನ ಮಾತು ಕೇಳುತ್ತಾನೆ. ಬ್ಯಾಂಕಿನ ಪರೀಕ್ಷೆ ಕಟ್ಟು ಎಂದು ಹೇಳಿ ಒಪ್ಪಿಸು" ಎಂದಳು. ಬುದ್ಧಿ ಹೇಳುವ ಮುನ್ನ ಅವನ ಕೆಲಸವನ್ನು ಕಣ್ಣಾರೆ ನೋಡಬೇಕೆಂದು ನಾನು ಒಂದು ಬೆಳಗಿನ ಜಾವ ಅವನೊಡನೆ ಹೊರಟೆ.

ಗಾಲ್ಫ್ ನಮ್ಮ ಮನೆಗಳ ಆಟವಲ್ಲ. ಸಣ್ಣ ಚೆಂಡನ್ನು ಕೋಲಿನಿಂದ ಹೊಡೆದು, ದೂರದ ಕುಳಿಯೊಳಗೆ ಆದಷ್ಟು ಕಡಿಮೆ ಏಟುಗಳಲ್ಲಿ ಬೀಳಿಸುವುದು, ಹೀಗೆ ಹದಿನೆಂಟು ಕುಳಿಗಳನ್ನು ಮುಗಿಸುವುದು, ಇದು ಆಟದ ಸಾರ. ಬ್ರಿಟಿಷರು ಇದನ್ನು ತಾವು ಹೋದಲ್ಲೆಲ್ಲ ಒಯ್ದರು. ಕಲ್ಕತ್ತೆಯಲ್ಲಿ 1829ರಲ್ಲೇ ಗಾಲ್ಫ್ ಕ್ಲಬ್ಬು ಹುಟ್ಟಿತು. ದಂಡಿನ ಪ್ರದೇಶವಾಗಿದ್ದ ನಮ್ಮ ಬೆಂಗಳೂರಿನಲ್ಲಿ 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪನೆಯಾಯಿತು. ಅದು ಇರುವುದು ಹೈಗ್ರೌಂಡ್ಸ್‌ನಲ್ಲಿ. ಹೆಸರೇ ಹೇಳುವಂತೆ ಅದು ಎತ್ತರದ ನೆಲ. ಪೂರ್ವಭಾಗದಲ್ಲಿ, ಹಳೆಯ ವಿಮಾನ ನಿಲ್ದಾಣದ ರಸ್ತೆಯ ಬದಿಗೆ, ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನವಿದೆ. ಅದು ಹರಡಿಕೊಂಡಿರುವುದು ಒಂದು ಕಾಲಕ್ಕೆ ಚಲ್ಲಘಟ್ಟದ ಕೆರೆಯಾಗಿದ್ದ ನೆಲದ ಮೇಲೆ. ಒಂದು ಕಡೆ ನೀರು ಇಳಿದುಹೋಗುವ ದಿಣ್ಣೆ, ಇನ್ನೊಂದು ಕಡೆ ನೀರು ಬಂದು ಸೇರುತ್ತಿದ್ದ ತಗ್ಗು. ಊರಿನ ಈ ಎರಡು ಮೈದಾನಗಳ ನೆಲವನ್ನು ನೋಡಿದರೆ ಸಾಕು, ಬೆಂಗಳೂರಿನ ಏರಿಳಿತ ಅರ್ಥವಾಗುತ್ತದೆ.

ನನ್ನ ಅಳಿಯ ಮೊದಲು ತೋರಿಸಿದ್ದು ಹುಲ್ಲನ್ನು. ಕುಳಿಯ ಸುತ್ತಲಿನ, ಆಟಗಾರರು 'ಗ್ರೀನ್' ಎಂದು ಕರೆಯುವ, ರತ್ನಗಂಬಳಿಯಂಥ ತಾಣ ಅದು. ಅಲ್ಲಿಯ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರಿಗಿಂತ ಎತ್ತರ ಬೆಳೆಯಗೊಡುವುದಿಲ್ಲ. ಹತ್ತಿರ ಬಾಗಿ ನೋಡಿದರೆ ನಮ್ಮ ಹಿತ್ತಿಲಿನ ಗರಿಕೆಯ ನೆನಪಾಯಿತು. "ಅದೇ ಕುಲ, ಮಾವ. ನಮ್ಮ ಗರಿಕೆಯನ್ನು ಆಫ್ರಿಕದ ಇನ್ನೊಂದು ಗರಿಕೆಯೊಡನೆ ಕೂಡಿಸಿ ಅಮೆರಿಕದ ಟಿಫ್ಟನ್ ಎಂಬ ಊರಿನಲ್ಲಿ ಬೆಳೆಸಿದ ಕುಳ್ಳ ತಳಿಗಳು ಇವು" ಎಂದ. ವಂಶ ಗರಿಕೆಯಂತೆ ಹಬ್ಬಲಿ ಎಂದು ಹರಸುವ ನಾಡಿನವರಾದ ನಮಗೆ ಗರಿಕೆಯ ಈ ಲೋಕಸಂಚಾರ ಸಂತೋಷದ ಸಂಗತಿಯೇ. ಒಬ್ಬ ಕೆಲಸಗಾರ ಉದ್ದನೆಯ ಗಳದಿಂದ ಹುಲ್ಲಿನ ಮೇಲಣ ಇಬ್ಬನಿಯನ್ನು ಸವರಿ ಉದುರಿಸುತ್ತಿದ್ದ. ಇಬ್ಬನಿ ಬಹಳ ಹೊತ್ತು ನಿಂತರೆ ಬೂಷ್ಟು ರೋಗ ಹತ್ತುತ್ತದಂತೆ. ಅತ್ತ ಕೆಲವು ಹೆಣ್ಣುಮಕ್ಕಳು ಕುಕ್ಕರಗಾಲಲ್ಲಿ ಕುಳಿತು ಕಳೆ ಕೀಳುತ್ತಿದ್ದರು.

"ಹುಲ್ಲು ಬೆಳೆಸುವುದು ಕಷ್ಟವಲ್ಲ ಮಾವ, ನೀರನ್ನು ಕಳುಹಿಸುವುದೇ ಕಷ್ಟ" ಎಂದು ಅವನು ಒಂದು ಕಬ್ಬಿಣದ ಮುಚ್ಚಳವನ್ನು ಎತ್ತಿದ. ಒಳಗೆ ಚೇಂಬರು, ಅದರ ಗೋಡೆಯಲ್ಲಿ ಒಂದು ಪೈಪಿನ ಬಾಯಿ, ಆ ಬಾಯಿಯಿಂದ ಹನಿಹನಿಯಾಗಿ ತಿಳಿನೀರು. ಹಿಂದಿನ ರಾತ್ರಿ ಬಿದ್ದ ಮಳೆ ಮೇಲಿನ ಹಸಿರನ್ನು ದಾಟಿ ಇಲ್ಲಿಗೆ ಬಂದಿತ್ತು.

ಆ ಹಸಿರಿನ ಅಡಿಯ ಕಟ್ಟಡವನ್ನು ಅವನು ಬಿಡಿಸಿ ಹೇಳಿದ. ಎಲ್ಲಕ್ಕಿಂತ ಕೆಳಗೆ ಇಳಿಜಾರಾಗಿ ಸವರಿದ ಗಟ್ಟಿ ನೆಲ. ಅದರಲ್ಲಿ ಮೀನಿನ ಮುಳ್ಳಿನಂತೆ ಕವಲೊಡೆದ ಕಿರುಗಾಲುವೆಗಳು, ಅವುಗಳಲ್ಲಿ ತೂತುಗಳುಳ್ಳ ನಾಲ್ಕು ಅಂಗುಲದ ಪೈಪುಗಳು. ಪೈಪು ನೂರು ಅಡಿ ಹೋಗುವಷ್ಟರಲ್ಲಿ ಕನಿಷ್ಠ ಆರು ಅಂಗುಲವಾದರೂ ಇಳಿದಿರಬೇಕು. ಅವುಗಳ ಮೇಲೆ ನಾಲ್ಕು ಅಂಗುಲ ಸಣ್ಣ ಜಲ್ಲಿ, ಜಲ್ಲಿಯ ಮೇಲೆ ಒಂದು ಅಡಿ ಮರಳಿನ ಮಿಶ್ರಣ, ಅದರ ಮೇಲೆ ಹುಲ್ಲು. ಅಮೆರಿಕದ ಗಾಲ್ಫ್ ಸಂಘ 1960ರಲ್ಲಿ ಪ್ರಕಟಿಸಿದ ಕ್ರಮವನ್ನು ಇಂದು ಜಗತ್ತಿನ ಅನೇಕ ಮೈದಾನಗಳು ಅನುಸರಿಸುತ್ತವೆ. ಇದರ ಚಮತ್ಕಾರ ಜಲ್ಲಿ ಮತ್ತು ಮರಳಿನ ನಡುವಣ ಗಡಿಯಲ್ಲಿದೆ. ಒದ್ದೆ ಬಟ್ಟೆಯನ್ನು ಗಳುವಿಗೆ ಹಾಕಿದರೆ ಅದರ ಕೆಳ ಅಂಚಿನಲ್ಲಿ ನೀರು ಸ್ವಲ್ಪ ಹೊತ್ತು ನಿಂತಿರುವುದನ್ನು ಮನೆಯ ಹೆಂಗಸರು ನಿತ್ಯ ಕಾಣುತ್ತಾರೆ. ಹಾಗೆಯೇ ಮರಳು ಬೇರಿಗೆ ಬೇಕಾದಷ್ಟು ತೇವವನ್ನು ತನ್ನ ತಳದಲ್ಲಿ ಹಿಡಿದುಕೊಂಡಿರುತ್ತದೆ. ಅದಕ್ಕಿಂತ ಹೆಚ್ಚಾದುದು ಜಲ್ಲಿಗೆ ಇಳಿದು ಪೈಪು ಸೇರುತ್ತದೆ. ಬೇಕಾದುದನ್ನು ಇಟ್ಟುಕೊಂಡು ಮಿಕ್ಕುದನ್ನು ಬಿಟ್ಟುಕೊಡುವ ಗುಣವನ್ನು ಮಣ್ಣಿಗೆ ಕಲಿಸಿದ ಹಾಗೆ ಅದು.

ನೆಲದಡಿಯ ಬಸಿಗಾಲುವೆ ಗಾಲ್ಫಿನವರು ಕಂಡುಹಿಡಿದದ್ದಲ್ಲ. ಜಲ್ಲಿ ತುಂಬಿದ ಕಾಲುವೆಯನ್ನು ಇಂಗ್ಲಿಷಿನಲ್ಲಿ 'ಫ್ರೆಂಚ್ ಡ್ರೇನ್' ಎನ್ನುತ್ತಾರೆ. ಅದಕ್ಕೂ ಫ್ರಾನ್ಸ್ ದೇಶಕ್ಕೂ ಸಂಬಂಧವಿಲ್ಲ. ಹೆನ್ರಿ ಫ್ರೆಂಚ್ ಎಂಬ ಅಮೆರಿಕದ ವಕೀಲರು ಹೊಲಗಳ ನೀರು ಬಸಿಯುವಿಕೆಯನ್ನು ಕುರಿತು 1859ರಲ್ಲಿ ಪುಸ್ತಕ ಬರೆದರು. ಅವರ ಹೆಸರೇ ಕಾಲುವೆಗೆ ಉಳಿಯಿತು. ರೈತರ ಹೊಲದಲ್ಲಿ ಹುಟ್ಟಿದ ವಿದ್ಯೆ ಶ್ರೀಮಂತರ ಆಟದ ಅಂಗಳಕ್ಕೆ ಬಂತು ಎನ್ನಬೇಕು.

ಕಟ್ಟಿದರೆ ಮುಗಿಯಲಿಲ್ಲ, ಕಾಯಬೇಕು. ಸಾವಿರಾರು ಹೆಜ್ಜೆಗಳ ಭಾರಕ್ಕೆ ಮಣ್ಣು ಬಿಗಿದು ಗಾಳಿಯಾಡದಂತಾಗುತ್ತದೆ. ಆಗ ಟೊಳ್ಳು ಮೊಳೆಗಳುಳ್ಳ ಯಂತ್ರದಿಂದ ಬೆರಳು ಗಾತ್ರದ ಮಣ್ಣಿನ ತುಂಡುಗಳನ್ನು ಕಿತ್ತು, ಆ ರಂಧ್ರಗಳಿಗೆ ಮರಳು ತುಂಬುತ್ತಾರೆ. ಇಷ್ಟು ಅಂದದ ಹುಲ್ಲನ್ನು ಹೀಗೆ ಚುಚ್ಚಿದಿರೇಕೆ ಎಂದು ಆಟಗಾರರು ಗೊಣಗುತ್ತಾರಂತೆ. ಚುಚ್ಚದೆ ಬಿಟ್ಟರೆ ನೀರು ಒಳಗೇ ನಿಂತು, ಮಣ್ಣಿನಲ್ಲಿ ಕಪ್ಪು ಪದರ ಕಟ್ಟಿ, ಮೋರಿಯ ನಾತ ಬಂದು, ಬೇರು ಕೊಳೆಯುತ್ತದೆ. ಮೇಲೆ ಹಸಿರು ಇನ್ನೂ ಇರುವಾಗಲೇ ಕೆಳಗೆ ರೋಗ ಕೂತಿರುತ್ತದೆ. ಇನ್ನು ಮಳೆಗಾಲಕ್ಕೆ ಮುಂಚೆ ಪ್ರತಿಯೊಂದು ಪೈಪಿನ ಕೊನೆಯ ಬಾಯಿಯನ್ನು ಹುಡುಕಿ ತೆರೆಯಬೇಕು, ಚೇಂಬರಿನ ಹೂಳು ಬಾಚಬೇಕು, ಮಳೆಮರ ಉದುರಿಸಿದ ಎಲೆಗಳನ್ನು ಜಾಲರಿಯಿಂದ ತೆಗೆಯಬೇಕು. ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬ ನಕ್ಷೆ ಅವನ ಮೇಜಿನ ಮೇಲೆ ಇತ್ತು. ನಕ್ಷೆ ಕಳೆದುಹೋದ ಮೈದಾನದಲ್ಲಿ ಪೈಪು ಇದ್ದೂ ಇಲ್ಲದ ಹಾಗೆ ಎಂಬುದು ಅವನ ಮಾತು.

ಅವನು ಮಾತನಾಡುತ್ತಿದ್ದಾಗ ನನಗೆ ತುಮಕೂರು ಸೀಮೆಯ ನಮ್ಮೂರಿನ ನೀರುಗಂಟಿಯ ನೆನಪು ಬಂತು. ಇಂದಿನ ಮಕ್ಕಳಿಗೆ ಈ ಪದವೇ ಹೊಸದು. ಕೆರೆಯ ತೂಬನ್ನು ತೆರೆಯುವವನು, ಮುಚ್ಚುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಹಂಚುವವನು, ಮಳೆಯ ರಾತ್ರಿಯಲ್ಲಿ ಕಂಬಳಿ ಹೊದ್ದು ಏರಿಯ ಮೇಲೆ ನಡೆದು ಕೋಡಿಯನ್ನು ನೋಡಿಬರುವವನು ನೀರುಗಂಟಿ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಧಾನ್ಯ ಸಲ್ಲುತ್ತಿತ್ತು. ಅವನಿಗೆ ಆಸ್ತಿ ಇರಲಿಲ್ಲ, ಆದರೆ ಅವನ ಮಾತಿಗೆ ಗೌಡರೂ ಎದುರಾಡುತ್ತಿರಲಿಲ್ಲ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಯನ್ನು ಒಡೆಯಬಾರದು, ತುಂಬಬೇಕು, ಇದು ಅವನ ಕೆಲಸದ ಧರ್ಮವಾಗಿತ್ತು.

ನಮ್ಮ ಬೆಂಗಳೂರೂ ಇಂಥ ಕೆರೆಗಳ ಸರಪಳಿಯ ಊರು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಬಂತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಮೈದಾನವಾಯಿತು. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಒಂದು ಕೆರೆ ಹೋಗುವುದು ನಷ್ಟವೇ. ಅದನ್ನು ಯಾವ ಹಸಿರು ಹುಲ್ಲಿನಿಂದಲೂ ಮುಚ್ಚಿ ಹೇಳಲಾಗದು. ಆದರೆ ಕೆರೆ ಹೋದರೂ ಅದಕ್ಕೆ ಬರುತ್ತಿದ್ದ ನೀರು ಬರುವುದನ್ನು ಬಿಡುವುದಿಲ್ಲ. ಕೋರಮಂಗಲ ಚಲ್ಲಘಟ್ಟ ಕಣಿವೆಯ ನೀರು ಇಂದಿಗೂ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಅಲ್ಲಿಂದ ಮುಂದೆ ದಕ್ಷಿಣ ಪಿನಾಕಿನಿಗೆ ಇಳಿಯುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ಯಮಲೂರು ಬೆಳ್ಳಂದೂರುಗಳ ಕಡೆ ಕೋಟಿ ಬೆಲೆಯ ಮನೆಗಳೊಳಗೂ ನೀರು ನುಗ್ಗಿ, ಜನರನ್ನು ಟ್ರ್ಯಾಕ್ಟರುಗಳಲ್ಲಿ ಕರೆತಂದುದನ್ನು ನಾವೆಲ್ಲ ನೋಡಿದ್ದೇವೆ. ದಾರಿ ಕೊಡದಿದ್ದರೆ ನೀರು ತಾನೇ ದಾರಿ ಮಾಡಿಕೊಳ್ಳುತ್ತದೆ.

ಒಂದು ಲೆಕ್ಕವನ್ನು ಅಳಿಯ ನನಗೆ ಬರೆದುಕೊಟ್ಟ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಮಿಗಿಲು. ನೂರು ಎಕರೆಯಾದರೆ ಒಂದು ಕೋಟಿ ಲೀಟರು. ಮೂವತ್ತು ನಲವತ್ತರ ನಮ್ಮ ನಿವೇಶನದ ಮೇಲೂ ಅದೇ ಒಂದು ಅಂಗುಲ ಮಳೆ ಸುಮಾರು 2,800 ಲೀಟರು ಸುರಿಯುತ್ತದೆ. ಮೈದಾನದವರಿಗೆ ತಮ್ಮ ನೀರು ಎಲ್ಲಿಗೆ ಹೋಗುತ್ತದೆಂದು ಗೊತ್ತು. ಅದನ್ನು ಮೊದಲು ಹೊಂಡಗಳಲ್ಲಿ ನಿಲ್ಲಿಸಿ, ಬೇಸಿಗೆಗೆ ಬೇಕಾದಷ್ಟನ್ನು ಉಳಿಸಿಕೊಂಡು, ಮಿಕ್ಕುದನ್ನು ನಿಧಾನವಾಗಿ ಬಿಡುವುದು ಒಳ್ಳೆಯ ಉಸ್ತುವಾರಿಯ ಲಕ್ಷಣ. "ನಮ್ಮ ಹುಲ್ಲು ಒಣಗಿದರೆ ಸಾಲದು ಮಾವ, ಕೆಳಗಿನವರ ಮನೆಯೂ ಒಣಗಿರಬೇಕು" ಎಂದ. ನಮ್ಮ 2,800 ಲೀಟರು ಎಲ್ಲಿಗೆ ಹೋಗುತ್ತದೆಂದು ನಮ್ಮಲ್ಲಿ ಎಷ್ಟು ಜನ ಯೋಚಿಸಿದ್ದೇವೆ?

ನಮ್ಮ ಬೀದಿಯ ಉದಾಹರಣೆಯನ್ನೇ ಹೇಳುತ್ತೇನೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿತು. ಹೊಸದಾಗಿ ಕಟ್ಟುವವರು ಅದಕ್ಕಿಂತ ಎತ್ತರಕ್ಕೆ ಪಾಯ ಏರಿಸಿದರು. ಅಂಗಳಕ್ಕೆಲ್ಲ ಕಾಂಕ್ರೀಟು ಬಂತು. ಕೊನೆಗೆ ಬೀದಿಯ ನೀರೆಲ್ಲ ಹಳೆಯ ಹೆಂಚಿನ ಮನೆಯೊಂದಕ್ಕೆ ನುಗ್ಗತೊಡಗಿತು. ಅಲ್ಲಿರುವ ವೃದ್ಧೆ ಒಬ್ಬರೇ. ಮಳೆ ಬಂದ ರಾತ್ರಿ ಅವರು ಮಂಚದ ಮೇಲೆ ಕಾಲು ಮಡಚಿ ಕುಳಿತು ಬೆಳಗು ಮಾಡುತ್ತಾರೆ. ಯಾರೂ ಅವರಿಗೆ ಕೇಡು ಬಯಸಿದವರಲ್ಲ. ಎಲ್ಲರೂ ತಮ್ಮ ತಮ್ಮ ಬಾಗಿಲಿನ ನೀರನ್ನು ದಾಟಿಸಿದರು, ಅಷ್ಟೆ. ಬೀದಿಗೆ ನೀರುಗಂಟಿ ಇರಲಿಲ್ಲ.

ಅಕ್ಕನಿಗೆ ನಾನು ಹೇಳಿದೆ: "ಅವನಿಗೆ ಕೆಲಸ ಬಿಡು ಎನ್ನಲಾರೆ. ಅವನು ಮಾಡುತ್ತಿರುವುದು ಹುಲ್ಲು ಕೊಯ್ಯುವ ಕೆಲಸವಲ್ಲ, ನೀರು ಕಾಯುವ ಕೆಲಸ. ಊರಿಗೆ ಇಂಥವರು ಇನ್ನೂ ನೂರು ಜನ ಬೇಕು." ಅಕ್ಕ ಸುಮ್ಮನೆ ಕೇಳಿದಳು. ಆಮೇಲೆ, "ನೀನು ಹೇಳುವುದೆಲ್ಲ ಸರಿಯಪ್ಪ, ಆದರೆ ಹೆಣ್ಣು ಕೊಡುವವರಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ?" ಎಂದಳು. ಆ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಈ ಲೇಖನವೊಂದೇ. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಮಾತನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಸಂಬಂಧ ಕೂಡಿಸಲು ಕುಳಿತಾಗ ಮಾತ್ರ ಕುರ್ಚಿಯ ಕೆಲಸವೋ ಮಣ್ಣಿನ ಕೆಲಸವೋ ಎಂದು ಕೇಳುತ್ತೇವೆ. ಹುಡುಗನ ಕೈಗೆ ಮಣ್ಣು ಹತ್ತಿದೆಯೇ ಎಂದು ನೋಡುವವರು, ಆ ಕೈ ಏನನ್ನು ಉಳಿಸುತ್ತಿದೆಯೆಂಬುದನ್ನೂ ದಯಮಾಡಿ ನೋಡಬೇಕು.

ಇನ್ನೊಂದು ಅರಿಕೆ. ಮೇ ತಿಂಗಳ ಕೊನೆಯಲ್ಲಿ ಮನೆಮನೆಯವರೂ ಒಂದು ಭಾನುವಾರ ಅರ್ಧ ಗಂಟೆ ಕೊಡಲಿ. ಮಾಳಿಗೆಯ ನೀರಿನ ಕೊಳವೆಯ ಬಾಯಲ್ಲಿ ಎಲೆ ಕಟ್ಟಿದ್ದರೆ ತೆಗೆಯಿರಿ. ಅಂಗಳದಲ್ಲಿ ನಾಲ್ಕಡಿ ಜಾಗವನ್ನಾದರೂ ಕಾಂಕ್ರೀಟಿನಿಂದ ಉಳಿಸಿ, ಇಂಗುಗುಂಡಿ ತೋಡಿ ಜಲ್ಲಿ ತುಂಬಿಸಿ. ಮನೆಯ ಮುಂದಿನ ಮೋರಿ ಎಲ್ಲಿಗೆ ಹೋಗಿ ಸೇರುತ್ತದೆಂದು ಮಕ್ಕಳ ಕೈಹಿಡಿದು ನಡೆದು ನೋಡಿ. ಆ ದಾರಿಯ ಕೊನೆಯಲ್ಲಿ ಯಾರ ಮನೆಯಿದೆಯೆಂದು ತಿಳಿದುಕೊಂಡು ಬನ್ನಿ.